ಅಟ್ಲಾಂಟಾದಲ್ಲಿ ಕೇಳಿದ ಆರ್ಗನ್, ಇಲ್ಲಿ ಕೇಳುವ ಪ್ರಶ್ನೆ

ಪ್ರಶ್ನೆ: ಕಾಫಿತೋಟದ ಟೀಚರ್, ಮಡಿಕೇರಿ

ಎಲ್ಲರಿಗೂ ನಮಸ್ಕಾರ. 31 ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು ನಾನು. ಮಡಿಕೇರಿಯಿಂದ 9 ಕಿಲೋಮೀಟರ್ ಇಳಿದರೆ ನಮ್ಮ ಮನೆ. ಸುತ್ತ ನಾಲ್ಕು ಎಕರೆ ಕಾಫಿ, ಬೇಲಿಯ ಆಚೆ ಹೊಳೆ. ಹೋದ ವರ್ಷ ಮಗಳ ಬಾಣಂತನಕ್ಕೆ ಅಮೆರಿಕದ ಅಟ್ಲಾಂಟಾ ನಗರಕ್ಕೆ ಹೋಗಿದ್ದೆ. ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಒಂದು ಸಂಜೆ ಅಳಿಯ, 'ಅತ್ತೆ, ಬಂದಾಗಿನಿಂದ ನೀವು ಮನೆ ಬಿಟ್ಟು ಹೊರಟಿಲ್ಲ, ಇವತ್ತು ಒಂದು ಸಿನಿಮಾ ನೋಡಿಕೊಂಡು ಬರೋಣ' ಎಂದು ಪೀಚ್‌ಟ್ರೀ ರಸ್ತೆಯ ಫಾಕ್ಸ್ ಥಿಯೇಟರಿಗೆ ಕರೆದುಕೊಂಡು ಹೋದರು.

ಒಳಗೆ ಕಾಲಿಟ್ಟರೆ ಅದು ಸಿನಿಮಾ ಮಂದಿರವೆಂದೇ ಅನ್ನಿಸುವುದಿಲ್ಲ. ಅರಬ್ಬರ ಕೋಟೆಯೊಂದರ ಅಂಗಳದಲ್ಲಿ, ಬಯಲಿನಲ್ಲಿ ಕುಳಿತ ಹಾಗೆ. ತಲೆಯ ಮೇಲೆ ಕಡುನೀಲಿ ಆಕಾಶ, ಅದರಲ್ಲಿ ಮಿನುಗುವ ನಕ್ಷತ್ರಗಳು. ಚಾವಣಿ ಎಂದು ಗೊತ್ತಿದ್ದರೂ ಮತ್ತೆ ಮತ್ತೆ ಕತ್ತೆತ್ತಿ ನೋಡಿದೆ. ಆಮೇಲೆ ದೀಪ ಮಂಕಾಯಿತು. ವೇದಿಕೆಯ ಮುಂದಿನ ಗುಂಡಿಯೊಳಗಿಂದ ಕುದುರೆ ಲಾಳದ ಆಕಾರದ ಒಂದು ದೊಡ್ಡ ಮೇಜು ನಿಧಾನವಾಗಿ ಮೇಲೆದ್ದು ಬಂತು. ಮೆಟ್ಟಿಲು ಮೆಟ್ಟಿಲಾಗಿ ನಾಲ್ಕು ಸಾಲು ಕೀಲಿಮಣೆಗಳು, ಅವುಗಳ ಸುತ್ತ ಬಣ್ಣಬಣ್ಣದ ಬಿಲ್ಲೆಗಳು, ಕಾಲಿನ ಕೆಳಗೆ ಮರದ ಉದ್ದನೆಯ ಪಟ್ಟಿಗಳು. ನುಡಿಸುವವರು ನಮಗೆ ಬೆನ್ನು ಮಾಡಿ ಕುಳಿತಿದ್ದರು.

ಮೊದಲ ಸ್ವರ ಕಿವಿಗೆ ಬೀಳುವ ಮೊದಲು ಕುರ್ಚಿಯ ಕೈಯಲ್ಲಿ ನಡುಕವಾಗಿ ಬಂತು. ಆಟಿ ತಿಂಗಳಿನಲ್ಲಿ ನಮ್ಮ ಹೊಳೆ ತುಂಬಿ ಹರಿಯುವ ರಾತ್ರಿ ಅಡುಗೆಮನೆಯ ಕಿಟಕಿಯ ಗಾಜು ಹೀಗೆಯೇ ಸಣ್ಣಗೆ ಗುಯ್ಗುಡುತ್ತದೆ. ಅದರ ಮೇಲೆ ಕೊಳಲು ಕೇಳಿತು, ಕಹಳೆ ಕೇಳಿತು, ಗಂಟೆ, ಮದ್ದಳೆಯಂಥದ್ದೇನೋ, ಕೊನೆಗೆ ಒಂದು ಹಕ್ಕಿಯೂ ಚಿಲಿಪಿಲಿಗುಟ್ಟಿತು. ಎಲ್ಲಿಂದ ಬರುತ್ತಿದೆ ಎಂದು ಧ್ವನಿವರ್ಧಕ ಹುಡುಕಿದೆ. 'ಇದು ಆರ್ಗನ್ ಅತ್ತೆ, ಇಗರ್ಜಿಯಲ್ಲಿ ಇರುವಂಥದ್ದು. ಇದಕ್ಕೆ ಧ್ವನಿವರ್ಧಕವೂ ಇಲ್ಲ, ರೆಕಾರ್ಡಿಂಗೂ ಇಲ್ಲ, ಎಲ್ಲಾ ಕೊಳವೆಗಳಲ್ಲಿ ಊದುವ ಗಾಳಿ' ಎಂದರು ಅಳಿಯ. ಸಿನಿಮಾ ಶುರುವಾಗುವ ಮೊದಲು ಸಭೆಯೆಲ್ಲ ಆ ವಾದ್ಯದ ಜೊತೆ ಹಾಡಿತು. ನನಗೆ ಹಾಡು ಗೊತ್ತಿರಲಿಲ್ಲ. ಆ ಬೆನ್ನನ್ನೇ ನೋಡುತ್ತಾ ಕುಳಿತಿದ್ದೆ.

ನಮ್ಮ ತಂದೆ ಊರಿನ ಹವ್ಯಾಸಿ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸುತ್ತಿದ್ದರು. ಮುಂದಿನ ಚಾಪೆಯಲ್ಲಿ ಕುಳಿತ ನಮಗೆ ಕಾಣುತ್ತಿದ್ದುದು ಅವರ ಬೆನ್ನು, ತುಳಿಯುವ ಕಾಲು, ಅಷ್ಟೇ. ಅಟ್ಲಾಂಟಾದಲ್ಲಿ ಆ ಸಂಜೆ ನನಗೆ ಕಣ್ಣು ತುಂಬಿ ಬಂತು. ಮನೆಗೆ ಬಂದ ಮೇಲೂ ಅದು ತಲೆಯಿಂದ ಇಳಿದಿಲ್ಲ. ಇಗರ್ಜಿಯ ವಾದ್ಯ ಸಿನಿಮಾ ಮಂದಿರಕ್ಕೆ ಯಾಕೆ ಬಂತು? ಕೊಳವೆಯಿಂದ ಮದ್ದಳೆಯ ಸದ್ದು, ಹಕ್ಕಿಯ ಸದ್ದು ಹೇಗೆ ಬರುತ್ತದೆ? ಇಷ್ಟು ದೊಡ್ಡದನ್ನು ಇಷ್ಟು ವರ್ಷ ಯಾರು ಕಾಪಾಡಿದರು? ತಿಳಿದವರು ನಿಧಾನವಾಗಿ, ಬಿಡಿಸಿ ಬರೆಯಿರಿ. ನನಗೆ ಅವಸರವಿಲ್ಲ.

ಉತ್ತರ: ರೀಲು ಪೆಟ್ಟಿಗೆ, ಸೋಮವಾರಪೇಟೆ

ಟೀಚರ್, ನಮಸ್ಕಾರ. ನಾನು 26 ವರ್ಷ ಸಿನಿಮಾ ಮಂದಿರದಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿದ್ದವನು. ನಿಮ್ಮ ಮೊದಲ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ.

ಮೂಕಿ ಚಿತ್ರಗಳನ್ನು ಜನ ಮೌನವಾಗಿ ಕುಳಿತು ನೋಡುತ್ತಿದ್ದರು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೆ ನೋಡಲು ಸಾಧ್ಯವಿಲ್ಲ. ನಮ್ಮ ಕ್ಯಾಬಿನ್ನಿನಲ್ಲಿ ಒಮ್ಮೆ ಆಂಪ್ಲಿಫೈಯರ್ ಕೆಟ್ಟು ಸದ್ದಿಲ್ಲದೆ ಚಿತ್ರ ಓಡಿತು. ಎರಡು ನಿಮಿಷವಾಗುವುದರೊಳಗೆ ಕೆಮ್ಮು, ಕುರ್ಚಿಯ ಕಿರುಗುಟ್ಟುವಿಕೆ, ಪ್ರೊಜೆಕ್ಟರಿನ ಕಟಕಟ ಎಲ್ಲಾ ಕೇಳಿಸತೊಡಗಿ ಪರದೆಯ ಮೇಲಿನವರು ಗೊಂಬೆಗಳಾಗಿಬಿಟ್ಟರು. ಹಾಗಾಗಿ ಆ ಕಾಲದಲ್ಲಿ ಪರದೆಯ ಪಕ್ಕದಲ್ಲಿ ಯಾರಾದರೂ ನುಡಿಸಲೇಬೇಕಿತ್ತು. ನಮ್ಮ ದೇಶದಲ್ಲಿ ಹಾರ್ಮೋನಿಯಂ ಮತ್ತು ತಬಲ. ಅಮೆರಿಕದಲ್ಲಿ ಸಣ್ಣ ಊರಿಗೆ ಒಂದು ಪಿಯಾನೊ, ದೊಡ್ಡ ನಗರದ ಮಂದಿರಗಳಿಗೆ ವಾದ್ಯವೃಂದ. ಅಷ್ಟು ಜನರಿಗೆ ದಿನವೂ ಸಂಬಳ ಕೊಡುವುದು ಕಷ್ಟ. ಒಬ್ಬನೇ ಕುಳಿತು ಇಡೀ ವೃಂದದ ಕೆಲಸ ಮಾಡುವ ವಾದ್ಯ ಇದ್ದರೆ ಮಾಲೀಕರಿಗೆ ಲಾಭ, ಮಂದಿರಕ್ಕೆ ಗೌರವ. ಹಾಗೆ ಬಂದದ್ದು ಆರ್ಗನ್. ನೀವು ನೋಡಿದ್ದು ವುರ್ಲಿಟ್ಜರ್ ಕಂಪನಿಯದೇ ಇರಬೇಕು, ಅವರ ಹೆಸರೇ ಎಲ್ಲೆಲ್ಲೂ ಕೇಳಿಬರುತ್ತದೆ.

ಇನ್ನೊಂದು ಕಾರಣ ನಮ್ಮಂಥವರಿಗೆ ಮಾತ್ರ ಹೊಳೆಯುವುದು. ಸಾವಿರ ಅಡಿಯ ಒಂದು ರೀಲು ಮಾತಿನ ಚಿತ್ರದ ವೇಗದಲ್ಲಿ 11 ನಿಮಿಷ ಓಡುತ್ತದೆ. ಒಂದೇ ಪ್ರೊಜೆಕ್ಟರ್ ಇದ್ದ ಕಡೆ ರೀಲು ಬದಲಿಸುವಾಗ ಪರದೆ ಕತ್ತಲು. ಫಿಲ್ಮು ತುಂಡಾದರೂ ಕತ್ತಲು. ಆ ಹೊತ್ತಿನಲ್ಲಿ ಸಭೆಯನ್ನು ಹಿಡಿದಿಡುವವನು ನುಡಿಸುವವನೇ. ಆಪರೇಟರನ ಮಾನ ಉಳಿಸುತ್ತಿದ್ದವನೂ ಅವನೇ.

1927ರಲ್ಲಿ ಅಲ್ಲಿ ಮಾತಿನ ಚಿತ್ರ ಬಂತು. ನಮ್ಮಲ್ಲಿ 1931ರಲ್ಲಿ ಹಿಂದಿಯಲ್ಲಿ, 1934ರಲ್ಲಿ ಕನ್ನಡದಲ್ಲಿ. ನಮ್ಮ ಎಷ್ಟೋ ಮಂದಿರಗಳ ಹೆಸರಿನ ಕೊನೆಯಲ್ಲಿ ಇಂದಿಗೂ ಅಂಟಿಕೊಂಡಿರುವ 'ಟಾಕೀಸ್' ಎಂಬ ಮಾತು ಆ ಬದಲಾವಣೆಯ ಗುರುತು. ಮಾತು ಬಂದ ಮೇಲೆ ನುಡಿಸುವವರಿಗೆ ಕೆಲಸವಿಲ್ಲ. ಅಮೆರಿಕದ ಸಂಗೀತಗಾರರ ಒಕ್ಕೂಟ 1930ರ ಸುಮಾರಿಗೆ ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತು ಹಾಕಿ, ಡಬ್ಬಿಯಲ್ಲಿ ತುಂಬಿದ ಸಂಗೀತ ಬೇಡ, ಜೀವಂತ ಸಂಗೀತ ಉಳಿಸಿ ಎಂದು ಜನರನ್ನು ಬೇಡಿಕೊಂಡಿತು. ಡಿಜಿಟಲ್ ಬಂದು ನನ್ನ ಕಾರ್ಬನ್ ಕಡ್ಡಿ, ರೀಲು, ಕತ್ತರಿ, ಅಂಟು ಎಲ್ಲಾ ಮೂಲೆ ಸೇರಿದ ವರ್ಷ ಆ ಜಾಹೀರಾತಿನ ಚಿತ್ರ ನನ್ನ ಕಣ್ಣಿಗೆ ಬಿತ್ತು. ಕತ್ತರಿಸಿ ಇಟ್ಟುಕೊಂಡಿದ್ದೇನೆ.

ಉತ್ತರ: ತಿದಿ ಮತ್ತು ಸ್ವರ, ವಿರಾಜಪೇಟೆ

ಅಕ್ಕಾ, ನಿಮ್ಮ ಎರಡನೆಯ ಪ್ರಶ್ನೆ ನನ್ನ ಕಸುಬಿಗೆ ಸೇರಿದ್ದು. ನಾನು ಹಾರ್ಮೋನಿಯಂ ರಿಪೇರಿ ಮಾಡುವವನು. ತಂದೆಯಿಂದ ಕಲಿತೆ. ನೀವು ಬರೆದ ಆ ಕುರ್ಚಿಯ ಕೈಯ ನಡುಕವನ್ನು ಓದಿ ಕೆಲಸ ನಿಲ್ಲಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಗಾಳಿಯ ವಿಚಾರ. ಹಾರ್ಮೋನಿಯಂನಲ್ಲಿ ತಿದಿ ನಮ್ಮ ಕೈಯಲ್ಲಿ ಅಥವಾ ಕಾಲಿನಲ್ಲಿ ಇರುತ್ತದೆ. ಥಿಯೇಟರ್ ಆರ್ಗನ್ನಿಗೆ ನೆಲಮಾಳಿಗೆಯಲ್ಲೋ ಬೇರೆ ಕೋಣೆಯಲ್ಲೋ ಮೋಟಾರಿನಿಂದ ತಿರುಗುವ ದೊಡ್ಡ ಬೀಸುಯಂತ್ರ. ಅದರ ಗಾಳಿ ಚರ್ಮದ ಮಡಿಕೆಯ ಪೆಟ್ಟಿಗೆಗಳಲ್ಲಿ ನಿಂತು, ಒಂದೇ ಹದಕ್ಕೆ ಬಂದು ಕೊಳವೆಗಳ ಕೆಳಗಿನ ಪೆಟ್ಟಿಗೆಗೆ ಹೋಗುತ್ತದೆ. ಈ ಹದವನ್ನು ಅಳೆಯುವುದು ನೀರಿನಿಂದ. ಮನೆ ಕಟ್ಟುವಾಗ ಮೇಸ್ತ್ರಿ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಹಿಡಿಯುತ್ತಾರಲ್ಲ, ಅಂಥ ಪೈಪಿನ ಒಂದು ಬಾಯಿಗೆ ಗಾಳಿ ಕೊಟ್ಟರೆ ಆ ಕಡೆಯ ನೀರು ತಗ್ಗಿ ಈ ಕಡೆಯದು ಏರುತ್ತದೆ. ಎರಡರ ನಡುವಿನ ಅಂತರವೇ ಅಳತೆ. ಇಗರ್ಜಿಯ ಆರ್ಗನ್ನಿಗೆ ಸಾಮಾನ್ಯವಾಗಿ ಮೂರು ಅಂಗುಲದ ಸುತ್ತಮುತ್ತ ಸಾಕು. ಥಿಯೇಟರಿನದಕ್ಕೆ ಹತ್ತು ಅಂಗುಲ, ಕೆಲವು ಕಹಳೆಯ ಸಾಲುಗಳಿಗೆ ಅದಕ್ಕಿಂತಲೂ ಬಹಳ ಹೆಚ್ಚು. ನಿಮ್ಮ ಕುರ್ಚಿ ನಡುಗಿದ್ದು ಆ ಒತ್ತಡದಿಂದ, ಮತ್ತು ಕೊಳವೆಯ ಉದ್ದದಿಂದ. ತೆರೆದ ಬಾಯಿಯ ಎಂಟು ಅಡಿಯ ಕೊಳವೆ ಸೆಕೆಂಡಿಗೆ ಸುಮಾರು 65 ಸಲ ಕಂಪಿಸುತ್ತದೆ. ಹದಿನಾರು ಅಡಿಯದು 33 ಸಲ. ಅದಕ್ಕೂ ಉದ್ದದ್ದಾದರೆ ಕಿವಿಗಿಂತ ಎದೆಗೇ ಹೆಚ್ಚು ಕೇಳಿಸುತ್ತದೆ.

ಕೊಳವೆಗಳಲ್ಲಿ ಎರಡು ಜಾತಿ. ಒಂದು ಕೊಳಲಿನ ಜಾತಿ. ಗಾಳಿ ತುಟಿಯ ಅಂಚಿಗೆ ಬಡಿದು ಒಡೆಯುವುದರಿಂದ ಸ್ವರ. ಇನ್ನೊಂದು ನಾಲಿಗೆಯ ಜಾತಿ. ನಮ್ಮ ವಾಲಗದಲ್ಲಿ ಪೀಪಿಯ ಎರಡು ಎಸಳು ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಆರ್ಗನ್ನಿನ ಕೊಳವೆಯಲ್ಲಿ ಹಿತ್ತಾಳೆಯ ಒಂದೇ ನಾಲಿಗೆ, ಅದು ಒಂದು ಅಂಚಿಗೆ ಬಡಿಯುತ್ತದೆ. ಹಾರ್ಮೋನಿಯಂನಲ್ಲಿ ನಾಲಿಗೆ ಎಲ್ಲಿಗೂ ಬಡಿಯದೆ ಕಿಂಡಿಯೊಳಗೆ ತೂರಿ ಹೋಗಿ ಬರುತ್ತದೆ. ಹಾಗಾಗಿ ಹಾರ್ಮೋನಿಯಂ ಸ್ವರ ಮೆತ್ತಗೆ, ಆರ್ಗನ್ನಿನ ಕಹಳೆ ಖಡಕ್. ಒಂದೇ ಬಗೆಯ ದನಿಯ ಕೊಳವೆಗಳನ್ನೆಲ್ಲ ಸೇರಿಸಿ ಒಂದು ಸಾಲು ಎಂದು ಇಟ್ಟುಕೊಳ್ಳಿ. ಐದು ಸ್ಥಾಯಿಯ ಕೀಲಿಮಣೆಗೆ 61 ಕೊಳವೆ ಬೇಕು. ಥಿಯೇಟರ್ ಆರ್ಗನ್ನಿನವರು ಏನು ಮಾಡಿದರೆಂದರೆ ಅದೇ ಸಾಲಿಗೆ ಮೇಲೊಂದು ಸ್ಥಾಯಿ, ಕೆಳಗೊಂದು ಸ್ಥಾಯಿ, ಹನ್ನೆರಡು ಹನ್ನೆರಡು ಕೊಳವೆ ಸೇರಿಸಿ 85 ಮಾಡಿದರು. ಆ ಒಂದೇ ಸಾಲನ್ನು ಮೂರು ಸ್ಥಾಯಿಗಳಲ್ಲಿ, ಬೇಕಾದ ಕೀಲಿಮಣೆಯಿಂದ ಕರೆಯುವ ಹಾಗೆ ತಂತಿ ಎಳೆದರು. ಕಪ್ಲರ್ ಇರುವ ಹಾರ್ಮೋನಿಯಂನಲ್ಲಿ ಒಂದು ಮನೆ, ಅಂದರೆ ಕೀಲಿ, ಒತ್ತಿದರೆ ಇನ್ನೊಂದು ಸ್ಥಾಯಿಯ ಮನೆಯೂ ಇಳಿಯುತ್ತದಲ್ಲ, ಅದೇ ಯೋಚನೆ. ನೀವು ನೋಡಿದ ಬಣ್ಣದ ಬಿಲ್ಲೆಗಳು ಈ ಕರೆಯುವ ಕೆಲಸಕ್ಕೆ.

ಈ ವಾದ್ಯದ ಒಂದು ಕಷ್ಟ ಹೇಳುತ್ತೇನೆ. ಹಾರ್ಮೋನಿಯಂನಲ್ಲಿ ತಿದಿಯನ್ನು ಒತ್ತಿ ದನಿ ಏರಿಸಬಹುದು, ಸಡಿಲಿಸಿ ಇಳಿಸಬಹುದು. ಕೊಳವೆಗೆ ಗಾಳಿ ಹೆಚ್ಚು ಕೊಟ್ಟರೆ ಶ್ರುತಿಯೇ ಕೆಡುತ್ತದೆ. ಅದಕ್ಕಾಗಿ ಕೊಳವೆಗಳನ್ನೆಲ್ಲ ವೇದಿಕೆಯ ಅಕ್ಕಪಕ್ಕದ ಕೋಣೆಗಳಲ್ಲಿ ಕೂಡಿಹಾಕಿ, ಸಭೆಯ ಕಡೆಗೆ ಮರದ ದಪ್ಪ ರೆಕ್ಕೆಗಳ ಕಿಟಕಿ ಇಟ್ಟಿದ್ದಾರೆ. ನುಡಿಸುವವರು ಕಾಲಿನಿಂದ ಆ ರೆಕ್ಕೆಗಳನ್ನು ತೆರೆದು ಮುಚ್ಚಿ ದನಿ ಏರಿಳಿಸುತ್ತಾರೆ. ದನಿ ಅಳುವಂತೆ ಅಲುಗುವುದು ಮತ್ತೊಂದು ಉಪಾಯ. ಗಾಳಿಯನ್ನೇ ಅಲುಗಿಸುವ ಒಂದು ಪೆಟ್ಟಿಗೆ ಇರುತ್ತದೆ.

ಮದ್ದಳೆ? ಅದು ಕೊಳವೆಯಲ್ಲ ಅಕ್ಕಾ, ನಿಜವಾದ ಚರ್ಮವಾದ್ಯವೇ. ಕೋಣೆಯೊಳಗೆ ಡ್ರಮ್ಮು, ತಾಳ, ಗಂಟೆ, ಮರದ ಮತ್ತು ಲೋಹದ ಪಟ್ಟಿಗಳು ಎಲ್ಲಾ ಇರುತ್ತವೆ. ಪ್ರತಿಯೊಂದಕ್ಕೂ ಬೆರಳುದ್ದದ ಚರ್ಮದ ಪುಟ್ಟ ತಿದಿ, ಅದಕ್ಕೆ ಕಟ್ಟಿದ ಕೋಲು. ಗಾಳಿ ಬಿಟ್ಟರೆ ಕೋಲು ಬಡಿಯುತ್ತದೆ. ಹಕ್ಕಿಯ ಸದ್ದು ಇನ್ನೂ ಸುಲಭ. ಮಡಿಕೇರಿ ದಸರಾದಲ್ಲಿ ಮಕ್ಕಳಿಗೆ ನೀರು ತುಂಬಿಸಿ ಊದುವ ಪೀಪಿ ಮಾರುವುದನ್ನು ನೋಡಿದ್ದೀರಿ. ಅಲ್ಲೂ ಅದೇ, ಸಣ್ಣ ಪೀಪಿಯ ತುದಿ ಒಂದು ಪುಟ್ಟ ಬಟ್ಟಲಿನ ದ್ರವದಲ್ಲಿ ಮುಳುಗಿರುತ್ತದೆ. ಮೂಕಿ ಚಿತ್ರದಲ್ಲಿ ಕುದುರೆ ಓಡಿದರೆ ಗೊರಸಿನ ಸದ್ದು, ರೈಲು ಬಂದರೆ ಸೀಟಿ, ಬಾಗಿಲಿಗೆ ಯಾರಾದರೂ ಬಂದರೆ ಕರೆಗಂಟೆ. ಅವಕ್ಕೆಲ್ಲ ಬೇರೆ ಬೇರೆ ಗುಂಡಿಗಳಿದ್ದವು.

ಈಗ ನನ್ನ ಒಂದು ಅನುಭವ. 12 ವರ್ಷದ ಹಿಂದೆ ಬೆಟ್ಟದ ಮೇಲಿನ ಒಂದು ಹಳೆಯ ಇಗರ್ಜಿಯಿಂದ ತುಳಿಯುವ ರೀಡ್ ಆರ್ಗನ್ (ಕೊಳವೆಯಿಲ್ಲದೆ, ಹಾರ್ಮೋನಿಯಂನಂತೆ ನಾಲಿಗೆಗಳಿಂದ ನುಡಿಯುವುದು) ಒಂದು ಗುಜರಿಯವರ ಜೀಪಿನಲ್ಲಿ ಹೋಗುತ್ತಿತ್ತು. ಗಾಡಿ ನಿಲ್ಲಿಸಿ ತೂಕದ ಬೆಲೆ ಕೊಟ್ಟು ಇಳಿಸಿಕೊಂಡೆ. ಹಿಂದಿನ ಹಲಗೆ ತೆಗೆದರೆ ತಿದಿಯೊಳಗೆ ಇಲಿಯ ಗೂಡು, ಸ್ವರದ ನಾಲಿಗೆಗಳ ಮೇಲೆ ಬೂಷ್ಟು. ನಮ್ಮ ಮಳೆ ಅಂಥದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಮರ ಉಬ್ಬುತ್ತದೆ, ಚರ್ಮ ಮೆತ್ತಗಾಗುತ್ತದೆ, ಒಂದು ಮನೆ ಒತ್ತದೆಯೇ ಕೂಗುತ್ತಲೇ ಇರುತ್ತದೆ. ಒಳಗಿನ ಮರದ ಮೇಲೆ ಯಾರೋ ಪೆನ್ಸಿಲಿನಲ್ಲಿ ಪ್ರತಿ ಸ್ವರದ ಗುರುತು ಬರೆದಿದ್ದರು. ಆ ಕೈಬರಹ ನೋಡಿದ ಮೇಲೆ ಅದನ್ನು ಬಿಡಲು ಮನಸ್ಸು ಬರಲಿಲ್ಲ. ಕುರಿಯ ತೆಳ್ಳನೆಯ ಚರ್ಮ ತರಿಸಿದೆ. ಹಳೆಯ ಚರ್ಮವನ್ನು ಬಿಸಿನೀರಿನ ಬಟ್ಟೆಯಿಂದ ಒತ್ತಿದರೆ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತು. ಏಕೆಂದರೆ ಮೊದಲು ಮಾಡಿದವರು ಮರವಜ್ರದಲ್ಲಿ ಅಂಟಿಸಿದ್ದರು. ಪ್ರಾಣಿಯ ಚರ್ಮದಿಂದ ಕಾಯಿಸಿದ ಅಂಟು ಅದು. ಬಿಸಿ ಮತ್ತು ನೀರು ತಾಕಿದರೆ ನೂರು ವರ್ಷದ ಮೇಲೂ ಬಿಡುತ್ತದೆ. ದೊಡ್ಡ ಆರ್ಗನ್ನುಗಳಲ್ಲೂ ಅದನ್ನೇ ಬಳಸಿದ್ದಾರೆ. ಚರ್ಮ ಐವತ್ತು ವರ್ಷಕ್ಕೋ ಅರವತ್ತು ವರ್ಷಕ್ಕೋ ಸವೆಯುತ್ತದೆ, ಆಗ ಇನ್ನೊಬ್ಬ ಬಂದು ಬಿಚ್ಚಬೇಕಾಗುತ್ತದೆ ಎಂದು ಕಟ್ಟಿದವರಿಗೆ ಗೊತ್ತಿತ್ತು. ನೀವು ಕೇಳಿದ ಆರ್ಗನ್ನಿನಲ್ಲಿ ಇಂಥ ಪುಟ್ಟ ತಿದಿಗಳು ಸಾವಿರಾರು ಇರುತ್ತವೆ. ಯಾರು ಕಾಪಾಡಿದರು ಎಂಬ ನಿಮ್ಮ ಪ್ರಶ್ನೆಗೆ ಹೆಸರು ನನಗೆ ತಿಳಿಯದು, ಆದರೆ ಅವರ ಬೆರಳುಗಳು ಹೇಗಿದ್ದಿರಬೇಕೆಂದು ಬಲ್ಲೆ.

ಉತ್ತರ: ಕುಶಾಲನಗರದಿಂದ ಬಫಲೋಗೆ

ಟೀಚರ್, ನಾನು ಕುಶಾಲನಗರದವನು, ಈಗ ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ಕೆಲಸ. ಮೊದಲು ಒಂದು ತಿದ್ದುಪಡಿ. ರೀಲು ಪೆಟ್ಟಿಗೆಯವರು ಕ್ಷಮಿಸಬೇಕು, ಫಾಕ್ಸ್ ಥಿಯೇಟರಿನದು ವುರ್ಲಿಟ್ಜರ್ ಅಲ್ಲ. ಮೇರಿಲ್ಯಾಂಡ್ ರಾಜ್ಯದ ಹೇಗರ್ಸ್‌ಟೌನ್‌ನಲ್ಲಿದ್ದ ಮೋಲರ್ ಕಂಪನಿ ಕಟ್ಟಿದ್ದು. ಅಟ್ಲಾಂಟಾದವರು ಪ್ರೀತಿಯಿಂದ 'ಮೈಟಿ ಮೋ' ಎನ್ನುತ್ತಾರೆ. ನಾಲ್ಕು ಕೀಲಿಮಣೆ, 42 ಸಾಲು, 3,622 ಕೊಳವೆ. ನ್ಯೂಯಾರ್ಕಿನ ರೇಡಿಯೊ ಸಿಟಿ ಮ್ಯೂಸಿಕ್ ಹಾಲಿನಲ್ಲಿರುವ 58 ಸಾಲಿನ ವುರ್ಲಿಟ್ಜರ್ ಇದಕ್ಕಿಂತ ದೊಡ್ಡದು.

ವುರ್ಲಿಟ್ಜರ್ ಕಾರ್ಖಾನೆ ಇದ್ದದ್ದು ನನ್ನ ಮನೆಯಿಂದ ಹೆಚ್ಚು ದೂರವಿಲ್ಲದ ನಾರ್ತ್ ಟೊನವಾಂಡದಲ್ಲಿ. ಕಟ್ಟಡ ಇನ್ನೂ ನಿಂತಿದೆ. ಅದೇ ಊರಿನ ರಿವಿಯೆರಾ ಥಿಯೇಟರಿನ ವುರ್ಲಿಟ್ಜರ್ ಈಗಲೂ ನುಡಿಯುತ್ತದೆ, ನಾನು ಕೇಳಲು ಹೋಗುತ್ತಿರುತ್ತೇನೆ. ತಿದಿ ಅಣ್ಣ ಹೇಳಿದ ತಂತಿಯ ಯೋಚನೆಯ ಹಿಂದೆ ಇದ್ದವರು ರಾಬರ್ಟ್ ಹೋಪ್-ಜೋನ್ಸ್ ಎಂಬ ಇಂಗ್ಲಿಷರು, ಹುಟ್ಟಿದ್ದು 1859ರಲ್ಲಿ. ವೃತ್ತಿಯಿಂದ ದೂರವಾಣಿ ಎಂಜಿನಿಯರ್. ಅಲ್ಲಿಯವರೆಗೆ ಬಹುತೇಕ ಆರ್ಗನ್ನುಗಳಲ್ಲಿ ಕೀಲಿಯಿಂದ ಕೊಳವೆಯವರೆಗೆ ಮರದ ಕಡ್ಡಿಗಳು, ಸನ್ನೆಗಳು. ಇವರು ದೂರವಾಣಿಯ ವಿದ್ಯೆಯನ್ನು ತಂದು ಕೀಲಿಯ ಕೆಳಗೆ ವಿದ್ಯುತ್ತು, ಕೊಳವೆಯ ಕೆಳಗೆ ಪುಟ್ಟ ಆಯಸ್ಕಾಂತ ಇಟ್ಟರು. ನಡುವೆ ತಂತಿಯ ಹುರಿ ಮಾತ್ರ. ಹಾಗಾಗಿಯೇ ಆ ಮೇಜು ಗುಂಡಿಯಿಂದ ಏರಿ ಬರಲು ಸಾಧ್ಯವಾಯಿತು. ಕೊಳವೆಗಳು ಎಲ್ಲಿಯೇ ಇರಲಿ, ಮೇಜು ಬೇಕಾದಲ್ಲಿ ಇರಬಹುದು. ಲಾಳದ ಆಕಾರವೂ ಅವರು ರೂಢಿಗೆ ತಂದದ್ದು. ಎಡ ತುದಿಯಿಂದ ಬಲ ತುದಿಯವರೆಗೆ ಎಲ್ಲಾ ಬಿಲ್ಲೆಗಳೂ ಕೈಗೆಟಕಬೇಕಲ್ಲ. 1903ರಲ್ಲಿ ಅಮೆರಿಕಕ್ಕೆ ಬಂದು ಸ್ವಂತ ಕಂಪನಿ ಮಾಡಿದರು, ಹಣ ಹೊಂದಲಿಲ್ಲ. 1910ರಲ್ಲಿ ವುರ್ಲಿಟ್ಜರ್ ಅದನ್ನು ಕೊಂಡಿತು. ಅವರು ಸಿನಿಮಾಕ್ಕಾಗಿ ಇದನ್ನು ಕಂಡುಹಿಡಿದವರಲ್ಲ, ಇಗರ್ಜಿಗಳಿಗಾಗಿಯೇ ದುಡಿದವರು. 1914ರಲ್ಲಿ ತಮ್ಮ ಕೈಯಿಂದಲೇ ಜೀವ ಕಳೆದುಕೊಂಡರು. ಅವರ ಕಲ್ಪನೆಯ ಮೇಲೆ ವುರ್ಲಿಟ್ಜರ್ ಕಂಪನಿ ಎರಡು ಸಾವಿರಕ್ಕೂ ಹೆಚ್ಚು ಆರ್ಗನ್ ಕಟ್ಟಿತು. ಅದರ ವೈಭವವನ್ನು ಅವರು ಕಾಣಲಿಲ್ಲ ಎನ್ನುವುದು ನನಗೆ ಇಂದಿಗೂ ಸಂಕಟದ ವಿಚಾರ.

ಇನ್ನು ಫಾಕ್ಸ್. ಅದು ತೆರೆದದ್ದು 1929ರ ಡಿಸೆಂಬರ್ 25ರಂದು. ಷೇರು ಮಾರುಕಟ್ಟೆ ಕುಸಿದು ಎರಡು ತಿಂಗಳಾಗಿತ್ತು, ಮಾತಿನ ಚಿತ್ರ ಬಂದು ಎರಡು ವರ್ಷವಾಗಿತ್ತು. ಅಂದರೆ ಆ ಆರ್ಗನ್ ತನ್ನ ಕಾಲ ಮುಗಿದ ಮೇಲೆ ಹುಟ್ಟಿದ್ದು. ಮೂರು ವರ್ಷ ತುಂಬುವ ಮೊದಲೇ ಮಂದಿರ ಬಾಗಿಲು ಹಾಕಿತು, ಮತ್ತೆ ತೆರೆಯಿತು. 1950ರ ದಶಕದ ಹೊತ್ತಿಗೆ ಆರ್ಗನ್ ನುಡಿಯುವ ಸ್ಥಿತಿಯಲ್ಲಿ ಇರಲಿಲ್ಲ. 1963ರಲ್ಲಿ ಜೋ ಪ್ಯಾಟನ್ ಎಂಬವರು ಸ್ವಯಂಸೇವಕರನ್ನು ಕಟ್ಟಿಕೊಂಡು ತಿಂಗಳುಗಟ್ಟಲೆ ದುಡಿದು ಅದಕ್ಕೆ ದನಿ ತಂದರು. 1970ರ ದಶಕದ ಮಧ್ಯದಲ್ಲಿ ಮಂದಿರವನ್ನೇ ಕೆಡವಿ ಕಚೇರಿ ಕಟ್ಟಲು ಒಂದು ದೂರವಾಣಿ ಕಂಪನಿ ಮುಂದಾಯಿತು. ಊರಿನ ಜನ ತಿರುಗಿಬಿದ್ದರು. 1975ರಲ್ಲಿ ಒಂದು ಸಂಸ್ಥೆ ಕಟ್ಟಿ, ಸಾಲ ಮಾಡಿ, ಹಣ ಕೂಡಿಸಿ ಮಂದಿರವನ್ನು ಕೊಂಡು ಉಳಿಸಿಕೊಂಡರು. ಆ ಹೋರಾಟದಲ್ಲೂ ಪ್ಯಾಟನ್ ಇದ್ದರು. ಮುಂದೆ ಆ ಮಂದಿರದೊಳಗೇ ಒಂದು ಮನೆ ಮಾಡಿಕೊಂಡು ದಶಕಗಳ ಕಾಲ ಅಲ್ಲೇ ಬದುಕಿದರು. 2016ರಲ್ಲಿ ತೀರಿಕೊಂಡರು. ನಿಮ್ಮ ಮೂರನೆಯ ಪ್ರಶ್ನೆಗೆ ಒಂದು ಹೆಸರು ಬೇಕಿದ್ದರೆ ಅದು ಅವರದು.

ಎಲ್ಲ ಕಡೆ ಹೀಗಾಗಲಿಲ್ಲ. ಹೆಚ್ಚಿನ ಮಂದಿರಗಳು ಉರುಳಿದವು. ಕೆಲವು ಆರ್ಗನ್ನುಗಳು ಇಗರ್ಜಿಗೆ ಹೋದವು, ಕೆಲವು ಅಭಿಮಾನಿಗಳ ಮನೆಗೆ, ಕೆಲವು ಹೋಟೆಲುಗಳಿಗೆ. ಅರಿಜೋನಾದ ಮೆಸಾ ಊರಿನಲ್ಲಿ ಇಂದಿಗೂ ಪಿಜ್ಜಾ ತಿನ್ನುತ್ತಾ ವುರ್ಲಿಟ್ಜರ್ ಕೇಳಬಹುದು. 1955ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಥಿಯೇಟರ್ ಆರ್ಗನ್ ಪ್ರಿಯರು ಒಂದು ಸಂಘ ಕಟ್ಟಿದರು, ಅದು ಈಗಲೂ ಇದೆ.

ಮತ್ತೆ ಬರೆದಿದ್ದು: ಕಾಫಿತೋಟದ ಟೀಚರ್, ಮಡಿಕೇರಿ

ಮೂವರಿಗೂ ಕೈಮುಗಿದು ನಮಸ್ಕಾರ. ನಿಮ್ಮ ಉತ್ತರಗಳನ್ನು ಮುದ್ರಿಸಿ ತಂಗಿಗೂ ಓದಿ ಹೇಳಿದೆ. ಆ ದೂರವಾಣಿಯ ಎಂಜಿನಿಯರ್ ಕಥೆ ಕೇಳಿ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ನಿನ್ನೆ ಮಳೆ ಸ್ವಲ್ಪ ಬಿಡುವು ಕೊಟ್ಟಿತು. ಕೆಲಸಕ್ಕೆ ಬರುವ ಹುಡುಗನ ಕೈಯಿಂದ ಅಟ್ಟದ ಮೇಲಿದ್ದ ತಂದೆಯ ಕಾಲು ಹಾರ್ಮೋನಿಯಂ ಇಳಿಸಿದೆ. ಅವರು ಹೋಗಿ 22 ವರ್ಷವಾಯಿತು, ಅಂದಿನಿಂದ ಯಾರೂ ಮುಟ್ಟಿರಲಿಲ್ಲ. ಕರಿಮೆಣಸಿನ ಗೋಣಿಗಳ ಹಿಂದೆ ಇತ್ತು, ಹಾಗಾಗಿ ಮುಚ್ಚಳ ತೆಗೆದ ಕೂಡಲೇ ಮೆಣಸಿನ ವಾಸನೆ. ಇಲಿ ಸೇರಿಲ್ಲ. ಮೆಲ್ಲಗೆ ತುಳಿದು ನೋಡಿದೆ. ತಿದಿಯ ಮೂಲೆಯಿಂದ ಗಾಳಿ ಪುಸಪುಸ ಎಂದು ಸೋರುತ್ತದೆ, ಮಡಿಕೆಯ ಚರ್ಮ ಒಣಗಿದ ಬಾಳೆಲೆಯಂತೆ ಪುಡಿಯಾಗುತ್ತಿದೆ. ಹದಿಮೂರು ಮನೆ ನುಡಿಯುವುದಿಲ್ಲ. ಬಿಳಿ ನಾಲ್ಕು, ಅಂದರೆ ನಾಲ್ಕನೆಯ ಬಿಳಿ ಮನೆ, ಮಾತ್ರ ಒತ್ತದೆಯೇ ಕೂಗುತ್ತಿದೆ, ತಿದಿ ಅಣ್ಣ ಬರೆದ ಹಾಗೆಯೇ. ತಂದೆಯ ಶ್ರುತಿ ಅದು. ಆ ಒಂದು ಸ್ವರ ಮನೆಯಲ್ಲೆಲ್ಲ ತುಂಬಿಕೊಂಡಾಗ ನಾನು ಕಾಲು ತೆಗೆಯಲಿಲ್ಲ, ಗಾಳಿ ಸೋರಿ ತಾನಾಗಿ ನಿಲ್ಲುವವರೆಗೆ ತುಳಿಯುತ್ತಲೇ ಇದ್ದೆ.

ಮುಚ್ಚಳದ ಒಳಬದಿಯಲ್ಲಿ ಅವರ ಅಕ್ಷರ ಸಿಕ್ಕಿತು. 'ಚರ್ಮ ಹೊಸದು, ಸ್ವಂತ ಕೈ, 1971' ಎಂದಿದೆ. ಅವರೇ ಚರ್ಮ ಹಾಕಿದ್ದು ನನಗೆ ಗೊತ್ತಿರಲಿಲ್ಲ.

ಅಣ್ಣಾ, ಇದನ್ನು ನಿಮ್ಮಲ್ಲಿಗೆ ತರಬಹುದೇ? ಸೋರುವ ಕಡೆ ಸದ್ಯಕ್ಕೆ ನಾನೇ ಅಂಟು ಹಾಕಿ ಬಟ್ಟೆ ಮೆತ್ತಲೇ?

ಉತ್ತರ: ತಿದಿ ಮತ್ತು ಸ್ವರ, ವಿರಾಜಪೇಟೆ

ಅಕ್ಕಾ, ಅಂಟು ಮಾತ್ರ ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಬಿಳಿ ಅಂಟು ಒಮ್ಮೆ ಮರಕ್ಕೆ ಹಿಡಿದರೆ ಬಿಡಿಸುವಾಗ ಮರದ ಸಿಬಿರೂ ಎದ್ದುಬರುತ್ತದೆ. ನಿಮ್ಮ ತಂದೆಯವರು 1971ರಲ್ಲಿ ಮರವಜ್ರವನ್ನೇ ಬಳಸಿರುತ್ತಾರೆ, ನೋಡದೆಯೇ ಹೇಳಬಲ್ಲೆ. ಅದು ನನಗೆ ಸುಲಭವಾಗಿ ಬಿಡುತ್ತದೆ.

ಈಗ ಮಳೆಯಲ್ಲಿ ತರಬೇಡಿ. ಈ ತೇವದಲ್ಲಿ ಹೊಸ ಚರ್ಮ ಎಳೆದು ಕೂರಿಸಿದರೆ ಬೇಸಿಗೆಗೆ ಬಿಗಿದು ಮೂಲೆ ಹರಿಯುತ್ತದೆ. ಹುತ್ತರಿ ಮುಗಿಯಲಿ, ಗಾಳಿ ಒಣಗಲಿ, ಆಗ ತನ್ನಿ. ಜೀಪಿನಲ್ಲಿ ಮಲಗಿಸಬೇಡಿ, ನಿಲ್ಲಿಸಿಕೊಂಡೇ ಬನ್ನಿ. ಅಲ್ಲಿಯವರೆಗೆ ಒಲೆಯ ಹತ್ತಿರ ಬೇಡ, ಗೋಡೆಗೆ ತಾಗಿಸಿಯೂ ಬೇಡ. ಕೋಣೆಯ ನಡುವೆ ನಾಲ್ಕು ಇಟ್ಟಿಗೆಯ ಮೇಲಿಟ್ಟು ಹತ್ತಿಯ ಸೀರೆ ಹೊದಿಸಿ, ಪ್ಲಾಸ್ಟಿಕ್ ಬೇಡ. ಕೂಗುವ ಬಿಳಿ ನಾಲ್ಕರ ಕವಾಟದ ಕೆಳಗೆ ಬಹುಶಃ ಕಸ ಸಿಕ್ಕಿರಬೇಕು, ಅದು ಐದು ನಿಮಿಷದ ಕೆಲಸ. ಹದಿಮೂರು ಮನೆಗಳದ್ದು ಬೂಷ್ಟು, ತೊಳೆದರೆ ಹೆಚ್ಚಿನವು ಬರುತ್ತವೆ.

ಪುಡಿಯಾಗುತ್ತಿರುವ ಚರ್ಮ ತಾನಾಗಿ ಉದುರಿದರೂ ಗುಡಿಸಿ ಬಿಸಾಡಬೇಡಿ, ತುಂಡುಗಳನ್ನೆಲ್ಲ ಒಂದು ಲಕೋಟೆಯಲ್ಲಿ ಹಾಕಿಡಿ. ಅವರು ಕತ್ತರಿಸಿದ ಅಂಚು ನೋಡಿಕೊಂಡೇ ನಾನು ಹೊಸದನ್ನು ಕತ್ತರಿಸಬೇಕು.